ಕ್ಯಾಸೆಟ್ ಹಾಡು ಕಂಪ್ಯೂಟರಿಗೆ ಸರಿಯಾಗಿ ಇಳಿಯುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕ್ಯಾಸೆಟ್ ಹಾಕಿ, ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಒತ್ತಿದ್ದೀರಿ. ಹಾಡು ಮಂದವಾಗಿ ಬರುತ್ತಿದೆ. ಇಲ್ಲವೇ ಹಿಂದಿನಿಂದ ಗುಂಯ್ ಎನ್ನುತ್ತಿದೆ. ಇಲ್ಲವೇ ಏನೂ ಬರುತ್ತಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನಲ್ಲಿ ಸರಿ ಮಾಡಲು ಹೊರಡುತ್ತಾರೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ದೋಷ ಸಾಮಾನ್ಯವಾಗಿ ಅದಕ್ಕೂ ಮೊದಲೇ ಎಲ್ಲೋ ಇರುತ್ತದೆ. ಹೆಡ್ (ಟೇಪಿನಿಂದ ಸದ್ದು ಎತ್ತಿಕೊಳ್ಳುವ ಪ್ಲೇಯರಿನ ಭಾಗ) ಮೇಲಿನ ಕೊಳೆ, ಸಡಿಲವಾದ ಬೆಲ್ಟ್, ತಪ್ಪು ಜಾಕಿಗೆ ಚುಚ್ಚಿದ ಕೇಬಲ್, ಹೀಗೆ. ಹೆಡ್ ಟೇಪಿನಿಂದ ಎತ್ತಿಕೊಳ್ಳದ ಸದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಸಿನಿಮಾ ಹಾಡಿನ ಕ್ಯಾಸೆಟ್ ಹಾಳಾದರೆ ಆ ಹಾಡು ಬೇರೆ ಕಡೆ ಸಿಕ್ಕೀತು. ಊರಿನ ಗುಡಿಯ ಮುಂದೆ ಯಾರೋ ರೆಕಾರ್ಡ್ ಮಾಡಿದ ತಾಳಮದ್ದಳೆ, ಅಜ್ಜಿ ಹಾಡಿದ ಸೋಬಾನೆ ಪದ, ಗಲ್ಫಿನಲ್ಲಿದ್ದ ಚಿಕ್ಕಪ್ಪ ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್, ಇವಕ್ಕೆಲ್ಲ ಇನ್ನೊಂದು ಪ್ರತಿ ಇಲ್ಲ. ಈ ಬರಹ ಮುಖ್ಯವಾಗಿ ಅಂಥ ಕ್ಯಾಸೆಟ್ ಇಟ್ಟುಕೊಂಡವರಿಗೆ.

ಶುರು ಮಾಡುವ ಮೊದಲು

ಕ್ಯಾಸೆಟ್ಟಿನ ಟೇಪು ಕಾಣುವ ಬದಿ ಒಂದು. ಅದರ ಎದುರಿನ ಅಂಚಿನಲ್ಲಿ, ಎರಡು ಮೂಲೆಗಳ ಹತ್ತಿರ ಪುಟ್ಟ ಪ್ಲಾಸ್ಟಿಕ್ ತುಣುಕುಗಳಿರುತ್ತವೆ. ಅವೆರಡನ್ನೂ ಮುರಿದು ತೆಗೆಯಿರಿ. ಆಮೇಲೆ ರೆಕಾರ್ಡ್ ಬಟನ್ ತಪ್ಪಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಯಾರಾದರೂ ಅಲ್ಲಿ ಸ್ಟಿಕ್ಕರ್ ಅಂಟಿಸಿ ಮುಚ್ಚಿದ್ದರೆ ಅದನ್ನೂ ಕೀಳಿ.

ಹೋದರೂ ಚಿಂತೆಯಿಲ್ಲ ಎನ್ನುವಂಥ ಒಂದು ಕ್ಯಾಸೆಟ್ ಹುಡುಕಿ ಪಕ್ಕಕ್ಕಿಡಿ. ಕೆಳಗೆ ಹೇಳುವ ಪ್ರತಿಯೊಂದು ಪರೀಕ್ಷೆಯನ್ನೂ ಮೊದಲು ಅದರ ಮೇಲೆ ಮಾಡಿ. ಹತ್ತಾರು ವರ್ಷ ಮುಚ್ಚಿಟ್ಟಿದ್ದ ಪ್ಲೇಯರಿಗೆ ಅಜ್ಜಿಯ ಕ್ಯಾಸೆಟ್ಟನ್ನೇ ಮೊದಲು ಹಾಕುವುದು ದೊಡ್ಡ ಅಪಾಯ.

ಯಾವುದೇ ತೊಂದರೆ ಬಂದರೂ ಮೊದಲ ಪರೀಕ್ಷೆ ಒಂದೇ. ಕೇಬಲ್ ಕಿತ್ತು, ಪ್ಲೇಯರಿಗೇ ಇಯರ್‌ಫೋನ್ ಹಾಕಿ ಕೇಳಿ. ಅಲ್ಲೂ ಸದ್ದು ಕೆಟ್ಟದಾಗಿದ್ದರೆ ತಪ್ಪು ಕ್ಯಾಸೆಟ್ಟಿನಲ್ಲಿದೆ ಅಥವಾ ಪ್ಲೇಯರಿನಲ್ಲಿದೆ. ಅಲ್ಲಿ ಚೆನ್ನಾಗಿ ಕೇಳಿ, ಕಂಪ್ಯೂಟರಿನಲ್ಲಿ ಮಾತ್ರ ಕೆಟ್ಟಿದ್ದರೆ ಕೇಬಲ್ಲನ್ನು ಅಥವಾ ಕಂಪ್ಯೂಟರಿನ ಸೆಟ್ಟಿಂಗನ್ನು ನೋಡಬೇಕು. ಕೆಟ್ಟದ್ದು ಕ್ಯಾಸೆಟ್ಟೋ ಪ್ಲೇಯರೋ ಎಂದು ತಿಳಿಯಲು ಇನ್ನೊಂದು ಕ್ಯಾಸೆಟ್ ಹಾಕಿ. ಅದೂ ಹಾಗೇ ಕೇಳಿದರೆ ಪ್ಲೇಯರು. ಎರಡೇ ನಿಮಿಷದ ಕೆಲಸ, ಆದರೆ ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಕಂಪ್ಯೂಟರಿನಲ್ಲಿ ಸದ್ದೇ ಬರುತ್ತಿಲ್ಲ, ಗೆರೆ ಮಟ್ಟಸವಾಗಿದೆ

ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡುತ್ತಿದ್ದೀರಿ, ಅಲೆಯೇ ಮೂಡುತ್ತಿಲ್ಲ. ಮೊದಲು ಸಾಫ್ಟ್‌ವೇರಿನಲ್ಲಿ ಯಾವ ಸಾಧನದಿಂದ ರೆಕಾರ್ಡ್ ಮಾಡಬೇಕೆಂದು ಆರಿಸಿದ್ದೀರಿ ನೋಡಿ. ಯುಎಸ್‌ಬಿ ಸಾಧನ ಚುಚ್ಚಿದ್ದರೂ ಸಾಫ್ಟ್‌ವೇರ್ ಲ್ಯಾಪ್‌ಟಾಪಿನ ಒಳಮೈಕನ್ನೇ ಹಿಡಿದುಕೊಂಡಿರುವುದು ತುಂಬ ಸಾಮಾನ್ಯ. ಲ್ಯಾಪ್‌ಟಾಪಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲೆ ಕುಣಿದರೆ ಒಳಮೈಕು ನಡೆಯುತ್ತಿದೆ ಎಂದೇ ಅರ್ಥ. ಸಾಫ್ಟ್‌ವೇರ್ ತೆರೆದ ಮೇಲೆ ಯುಎಸ್‌ಬಿ ಚುಚ್ಚಿದ್ದರೆ ಅದು ಪಟ್ಟಿಯಲ್ಲಿ ಕಾಣದೆ ಇರಬಹುದು. ಮುಚ್ಚಿ ಮತ್ತೆ ತೆರೆಯಿರಿ.

ವಿಂಡೋಸಿನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ರೋಫೋನ್ ಬಳಸಲು ಅನುಮತಿ ಇದೆಯೇ ಎಂದೂ ನೋಡಿ. ಲೈನ್ ಇನ್, ಅಂದರೆ ಹೊರಗಿನ ಪ್ಲೇಯರಿನ ಸದ್ದು ಒಳಗೆ ತೆಗೆದುಕೊಳ್ಳುವ ಜಾಕ್, ಅದರ ಮೂಲಕ ಬರುವ ಸದ್ದಿಗೂ ಅದೇ ಅನುಮತಿ ಬೇಕು.

ಡೆಸ್ಕ್‌ಟಾಪಿನ ಹಿಂದೆ ಸಾಮಾನ್ಯವಾಗಿ ಮೂರು ಬಣ್ಣದ ಜಾಕುಗಳಿರುತ್ತವೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಲೈನ್ ಇನ್. ನಿಮಗೆ ಬೇಕಾದದ್ದು ನೀಲಿ.

ಸದ್ದು ಒಡೆದು ಕರಕರ ಎನ್ನುತ್ತದೆ

ಇಯರ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತಿದ್ದದ್ದು ರೆಕಾರ್ಡಿಂಗಿನಲ್ಲಿ ಒಡೆಯುತ್ತಿದ್ದರೆ ಮಟ್ಟ ಜಾಸ್ತಿಯಾಗಿದೆ. ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗಿ ಕಾಣುತ್ತವೆ. ಪ್ಲೇಯರಿನ ಇಯರ್‌ಫೋನ್ ಜಾಕಿನಿಂದ ತೆಗೆದುಕೊಳ್ಳುತ್ತಿದ್ದರೆ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ. ಕ್ಯಾಸೆಟ್ಟಿನಲ್ಲಿ ಅತಿ ಜೋರಾಗಿರುವ ಜಾಗ ಹುಡುಕಿ, ಚೆಂಡೆ ಬಿಡ್ತಿಗೆಯೋ ಭಜನೆಯ ಕೊನೆಯ ಸುತ್ತೋ, ಅಲ್ಲಿ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಹೊಂದಿಸಿ. ಸದ್ದು ಸ್ವಲ್ಪ ಚಿಕ್ಕದಾದರೂ ಆಮೇಲೆ ಏರಿಸಬಹುದು. ಒಡೆದ ಸದ್ದನ್ನು ಸರಿ ಮಾಡಲಾಗದು.

ವಾಲ್ಯೂಮ್ ಇಳಿಸಿದರೂ ಒಡೆಯುತ್ತಿದ್ದರೆ ನೀವು ಮೈಕ್ ಜಾಕಿಗೆ ಚುಚ್ಚಿದ್ದೀರಿ. ಇದು ಲ್ಯಾಪ್‌ಟಾಪಿನವರಿಗೆ ಬರುವ ಮುಖ್ಯ ತೊಡಕು. ಈಗಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಒಂದೇ ಜಾಕ್ ಇರುತ್ತದೆ, ಅದು ಹೆಡ್‌ಸೆಟ್ಟಿಗಾಗಿ ಮಾಡಿದ್ದು. ಅದರ ಮೈಕ್ ಭಾಗ ಬರೀ ಮೋನೋ (ಎಡ ಬಲ ಎಂದು ಬೇರೆ ಇಲ್ಲದ ಒಂದೇ ಚಾನೆಲ್), ಅದೂ ತೀರ ಸಣ್ಣ ಸಿಗ್ನಲ್ಲಿಗೆ ತಯಾರಾದದ್ದು. ಸ್ಟೀರಿಯೋ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಸಾಧನ ಕೊಳ್ಳುವುದೇ ಸರಿ. ಕೊಳ್ಳುವಾಗ ಒಂದು ಎಚ್ಚರ: ಅಗ್ಗದ ಪುಟ್ಟ ಯುಎಸ್‌ಬಿ ಡಾಂಗಲ್‌ಗಳಲ್ಲಿ ಹಲವಕ್ಕೆ ಮೋನೋ ಮೈಕ್ ಜಾಕ್ ಮಾತ್ರ ಇರುತ್ತದೆ. ಡಬ್ಬದ ಮೇಲೆ ಲೈನ್ ಇನ್, ಸ್ಟೀರಿಯೋ ಎಂಬ ಎರಡೂ ಮಾತು ಇದ್ದರೆ ಮಾತ್ರ ತೆಗೆದುಕೊಳ್ಳಿ.

ಇಯರ್‌ಫೋನಿನಲ್ಲೂ ಒಡೆದೇ ಕೇಳುತ್ತಿದ್ದರೆ ಮೂಲ ರೆಕಾರ್ಡಿಂಗೇ ಹಾಗಿದೆ. ಮೈಕಿನ ಮುಂದೆ ಭಾಗವತರು ಜೋರಾಗಿ ಹಾಡಿರುತ್ತಾರೆ. ಅದನ್ನು ಇದ್ದ ಹಾಗೆ ಉಳಿಸಿಕೊಳ್ಳಿ.

ಒಂದೇ ಕಿವಿಗೆ ಕೇಳುತ್ತದೆ. ಅಥವಾ ಹಾಡುವವರ ದನಿ ಮಾಯ, ವಾದ್ಯ ಮಾತ್ರ ಕೇಳುತ್ತದೆ

ಕೇಬಲ್ಲಿನ ಪಿನ್ ನೋಡಿ. ಒಂದು ಕಪ್ಪು ಪಟ್ಟೆ ಇದ್ದರೆ ಮೋನೋ, ಎರಡಿದ್ದರೆ ಸ್ಟೀರಿಯೋ, ಮೂರಿದ್ದರೆ ಮೈಕೂ ಸೇರಿದ ಹೆಡ್‌ಸೆಟ್ ಪಿನ್. ಈ ಕೆಲಸಕ್ಕೆ ಎರಡೂ ತುದಿಯಲ್ಲಿ ಎರಡೆರಡು ಪಟ್ಟೆ ಬೇಕು. ಹಳೇ ಟೂ-ಇನ್-ಒನ್‌ಗಳಲ್ಲಿ ಕೆಲವದರ ಇಯರ್‌ಫೋನ್ ಜಾಕೇ ಮೋನೋ. ಅದಕ್ಕೆ ಸ್ಟೀರಿಯೋ ಪಿನ್ ಹಾಕಿದರೆ ಎಡಕ್ಕೆ ಮಾತ್ರ ಸದ್ದು ಬರುತ್ತದೆ. ಅದು ದೋಷವಲ್ಲ. ಎಡ ಚಾನೆಲ್ಲನ್ನು ಮಾತ್ರ ಉಳಿಸಿಕೊಂಡು ಮೋನೋ ಮಾಡಿ.

ದನಿ ಮಾಯವಾಗುವುದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕಾರಣ ಸರಳ. ಹಾಡುವವರ ದನಿ ಸಾಮಾನ್ಯವಾಗಿ ಎಡಬಲ ಎರಡರಲ್ಲೂ ಒಂದೇ ಅಳತೆಯಲ್ಲಿರುತ್ತದೆ. ಕೇಬಲ್ಲಿನ ಗ್ರೌಂಡ್ ತಂತಿ ಕಡಿದಿದ್ದರೆ ಎಡ ಬಲಗಳ ವ್ಯತ್ಯಾಸವಷ್ಟೇ ಹಾದುಹೋಗುತ್ತದೆ. ಒಂದೇ ಥರ ಇದ್ದದ್ದೆಲ್ಲ ಕಳೆದುಹೋಗುತ್ತದೆ. ಪಿನ್ ಅರ್ಧ ಮಾತ್ರ ಒಳಗೆ ಹೋಗಿದ್ದರೂ ಹೀಗಾಗುವುದುಂಟು. ಒತ್ತಿ ಪೂರ್ತಿ ಚುಚ್ಚಿ ನೋಡಿ, ಆಗದಿದ್ದರೆ ಕೇಬಲ್ ಬದಲಿಸಿ.

ಕೇಬಲ್ ಬದಲಿಸಿದರೂ ಒಂದು ಬದಿ ಸತ್ತಿದ್ದರೆ ಹೆಡ್ಡಿನ ಆ ಭಾಗಕ್ಕೆ ಕೊಳೆ ಕಟ್ಟಿರಬಹುದು. ಅದಕ್ಕೆ ಮುಂದಿನ ಭಾಗ ನೋಡಿ.

ಕಂಬಳಿ ಹೊದ್ದು ಹಾಡಿದ ಹಾಗೆ ಮಂದವಾಗಿದೆ

ಜನ ಹೆಚ್ಚು ಹೇಳಿಕೊಳ್ಳುವ ತೊಂದರೆ ಇದು. ಸರಿ ಮಾಡಿದಾಗ ಹೆಚ್ಚು ಖುಷಿ ಕೊಡುವುದೂ ಇದೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಬಟನ್‌ಗಳು. ನಿಮ್ಮ ಡೆಕ್‌ನಲ್ಲಿ (ಕ್ಯಾಸೆಟ್ ಪ್ಲೇಯರಿನಲ್ಲಿ) ಟೇಪಿನ ಸ್‌ಸ್ ಸದ್ದು ತಗ್ಗಿಸುವ ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ ಕೇಳಿ. ಡಾಲ್ಬಿ ಇಲ್ಲದೆ ಮಾಡಿದ ಕ್ಯಾಸೆಟ್ಟಿಗೆ ಡಾಲ್ಬಿ ಹಾಕಿದರೆ ಮೇಲಿನ ಸ್ವರಗಳು ಅಡಗಿಹೋಗುತ್ತವೆ. ಟೇಪಿನ ಬಗೆ ಆರಿಸುವ ಬಟನ್ ಇದ್ದರೆ, ಮಾಮೂಲಿ ಕ್ಯಾಸೆಟ್ಟಿಗೆ ನಾರ್ಮಲ್ ಎಂದೇ ಇರಬೇಕು. ಕ್ರೋಮ್ ಎಂದಿದ್ದರೂ ಮಂದವಾಗುತ್ತದೆ.

ಆಮೇಲೆ ಹೆಡ್ ಒರೆಸಿ. ಪ್ಲಗ್ ಕಿತ್ತು, ಬಾಗಿಲು ತೆರೆದು, ಪ್ಲೇ ಒತ್ತಿದರೆ ಹೆಡ್ ಮುಂದೆ ಬರುತ್ತದೆ (ಬಟನ್ ಒತ್ತಿ ಕೂರುವ ಹಳೇ ಮಾದರಿಗಳಲ್ಲಿ). ನಡುವಿನ ಹೊಳೆಯುವ ಲೋಹವೇ ಪ್ಲೇ ಹೆಡ್. ಬಲಕ್ಕೆ ಕಪ್ಪು ರಬ್ಬರ್ ರೋಲರ್, ಅದಕ್ಕೆ ತಾಗುವ ತೆಳ್ಳನೆ ಲೋಹದ ಕಡ್ಡಿ ಇರುತ್ತದೆ. ಹೆಡ್ ಮೇಲೆ ಕಂದು ಪುಡಿ ಕಂಡರೆ ಅದು ಟೇಪಿನಿಂದ ಉದುರಿದ್ದು. ಅದರ ತೆಳು ಪದರ ಸಾಕು, ಟೇಪು ಹೆಡ್ಡಿಗೆ ತಾಗದೆ ಮೇಲಿನ ಸ್ವರಗಳು ಹೋಗುತ್ತವೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಒರೆಸಿ. 99% ಇರುವುದು ಸಿಕ್ಕರೆ ಒಳ್ಳೆಯದು. ಕಡ್ಡಿ ಬೆಳ್ಳಗೆ ಬರುವ ತನಕ ಹೊಸ ಹೊಸ ಕಡ್ಡಿ ಬಳಸಿ. ಲೋಹದ ಕಡ್ಡಿಯನ್ನೂ ಒರೆಸಿ. ರಬ್ಬರ್ ರೋಲರಿಗೆ ಸೋಪುನೀರಿನ ಒದ್ದೆ ಬಟ್ಟೆ ಸಾಕು. ಪದೇ ಪದೇ ಆಲ್ಕೋಹಾಲ್ ತಾಗಿದರೆ ರಬ್ಬರ್ ಗಟ್ಟಿಯಾಗುತ್ತದೆ. ಎಲ್ಲ ಪೂರ್ತಿ ಒಣಗಿದ ಮೇಲೆ ಕ್ಯಾಸೆಟ್ ಹಾಕಿ.

ಥಿನ್ನರ್, ಪೆಟ್ರೋಲ್, ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಇವು ಯಾವುವೂ ಬೇಡ. ಆಲ್ಕೋಹಾಲ್ ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪ, ಊದಿನಕಡ್ಡಿ ಹತ್ತಿರ ಇರಬಾರದು, ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಸಿಗದಿರಲಿ.

ಹೆಡ್ ಶುಚಿಯಾದರೂ ಒಂದೇ ಕ್ಯಾಸೆಟ್ ಮಂದವಾಗಿದ್ದರೆ ಅದರ ತೆರೆದ ಬದಿಯ ನಡುವೆ, ಟೇಪಿನ ಹಿಂದೆ ನೋಡಿ. ತಾಮ್ರಬಣ್ಣದ ಸಣ್ಣ ಸ್ಪ್ರಿಂಗ್ ಪಟ್ಟಿ, ಅದರ ಮೇಲೆ ಉಣ್ಣೆಬಟ್ಟೆಯ ತುಣುಕು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಗೋಂದು ಒಣಗಿ ಅದು ಉದುರಿಹೋಗಿರುತ್ತದೆ. ಬೇಡದ ಕ್ಯಾಸೆಟ್ಟಿನ ಚಿಪ್ಪಿಗೆ ಟೇಪನ್ನು ಸಾಗಿಸುವುದು ಸುಲಭದ ದಾರಿ. ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಇಷ್ಟೆಲ್ಲ ಆದರೂ ಮಂದವಾಗಿದ್ದರೆ ಹೆಡ್ಡಿನ ಓರೆ ಹೊಂದಿಕೆಯಾಗುತ್ತಿಲ್ಲ. ಇದನ್ನು ಮೆಕ್ಯಾನಿಕ್ಕುಗಳು ಆಜಿಮತ್ ಎನ್ನುತ್ತಾರೆ. ಹೆಡ್ ಟೇಪಿಗೆ ನೆಟ್ಟಗೆ ನಿಂತಿರಬೇಕು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಸ್ವಲ್ಪ ಓರೆಯಾಗಿದ್ದರೆ, ನಿಮ್ಮ ಪ್ಲೇಯರಿನ ಹೆಡ್ಡೂ ಅಷ್ಟೇ ಓರೆಯಾದಾಗ ಮಾತ್ರ ಸದ್ದು ತೆರೆದುಕೊಳ್ಳುತ್ತದೆ. ಮನೆಯ ಟೇಪ್ ರೆಕಾರ್ಡರಿನಲ್ಲಿ ಮಾಡಿದ ಕ್ಯಾಸೆಟ್ಟುಗಳಲ್ಲಿ ಇದು ತುಂಬ ಕಾಣುತ್ತದೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಸ್ಕ್ರೂ ಇರುತ್ತದೆ. ಕೆಲವು ಪ್ಲೇಯರುಗಳಲ್ಲಿ ಪ್ಲೇ ಆಗುತ್ತಿರುವಾಗ ಬಾಗಿಲಿನ ಸಣ್ಣ ತೂತಿನಿಂದ ಅದು ಕಾಣುತ್ತದೆ. ಸ್ಕ್ರೂ ಈಗ ಇರುವ ಸ್ಥಾನಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಮೋನೋದಲ್ಲಿ ಕೇಳುತ್ತಾ, ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ. ಕಾಲು ಸುತ್ತು ಎಂದರೆ ಬಹಳವಾಯಿತು. ತಾಳದ ಝಲ್ ಎನ್ನುವ ಸದ್ದು, ಮಾತಿನ ಸ ಶ ಅಕ್ಷರ ಎಲ್ಲಿ ಅತಿ ಸ್ಪಷ್ಟವಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಆ ಕ್ಯಾಸೆಟ್ ಮುಗಿದ ಮೇಲೆ ಗುರುತಿಗೆ ವಾಪಸ್ ತನ್ನಿ. ಸ್ಕ್ರೂಡ್ರೈವರಿನ ತುದಿಗೆ ಅಯಸ್ಕಾಂತ ಇರಬಾರದು. ಮುಚ್ಚಳ ಪೂರ್ತಿ ಬಿಚ್ಚದೆ ಸ್ಕ್ರೂ ಕೈಗೆ ಸಿಗದಿದ್ದರೆ, ಕರೆಂಟು ಹಾಕಿಕೊಂಡು ಈ ಕೆಲಸ ಮಾಡಬೇಡಿ. ಸೆಲ್ಲಿನ ಮೇಲೆ ಓಡಿಸಿ ಮಾಡಿ, ಇಲ್ಲವೇ ರಿಪೇರಿಯವರಿಗೆ ಕೊಡಿ.

ಮೋನೋ ರೆಕಾರ್ಡಿಂಗ್ ಆಗಿದ್ದರೆ ಇನ್ನೊಂದು ಉಪಾಯ ಇದೆ. ಎರಡು ಚಾನೆಲ್ಲನ್ನೂ ಬೇರೆ ಮಾಡಿ ಕೇಳಿ. ಯಾವುದು ಚೆನ್ನಾಗಿದೆಯೋ ಅದನ್ನಷ್ಟೇ ಇಟ್ಟುಕೊಳ್ಳಿ. ಓರೆ ಸರಿಯಿಲ್ಲದಾಗ ಎರಡನ್ನೂ ಬೆರೆಸಿದರೆ ಇನ್ನಷ್ಟು ಮಂದವಾಗುತ್ತದೆ.

ಶ್ರುತಿ ಇಳಿದಿದೆ ಅಥವಾ ಏರಿದೆ; ದನಿ ಅಲುಗಾಡುತ್ತದೆ

ಸೆಲ್ಲಿನಲ್ಲಿ ಓಡುತ್ತಿದ್ದರೆ ಮೊದಲು ಹೊಸ ಸೆಲ್ ಹಾಕಿ. ಅಡಾಪ್ಟರ್ ಆದರೆ ವೋಲ್ಟ್ ಮತ್ತು ಪ್ಲಸ್ ಮೈನಸ್ ಗುರುತು ಪ್ಲೇಯರಿನ ಮೇಲಿರುವುದಕ್ಕೆ ಹೊಂದಬೇಕು. ಪಿನ್ ಒಳಗೆ ಹೋಯಿತೆಂದ ಮಾತ್ರಕ್ಕೆ ಅಡಾಪ್ಟರ್ ಸರಿ ಎಂದಲ್ಲ.

ವೇಗ ಎಷ್ಟು ತಪ್ಪಿದೆ ಎಂದು ತಿಳಿಯಲು ಅಂಗಡಿಯ ಕ್ಯಾಸೆಟ್ಟಿನ ಒಂದು ಹಾಡಿನ ಅವಧಿ ಅಳೆಯಿರಿ. ಅದೇ ರೆಕಾರ್ಡಿಂಗ್ ಈಗ ಫೋನಿನಲ್ಲಿ ಸಿಕ್ಕರೆ ಹೋಲಿಸಿ. 5 ನಿಮಿಷದ ಹಾಡು 9 ಸೆಕೆಂಡು ಹೆಚ್ಚಿಗೆ ತೆಗೆದುಕೊಂಡರೆ ಪ್ಲೇಯರ್ ಸುಮಾರು 3% ನಿಧಾನ. ವೇಗ 6% ಬದಲಾದರೆ ಹಾರ್ಮೋನಿಯಂನ ಒಂದು ಮನೆಯಷ್ಟು ಶ್ರುತಿ ಬದಲಾಗುತ್ತದೆ. ಹಾಗಾಗಿ ಹಾಡಿನವರ ಶ್ರುತಿ ಕಪ್ಪು ಎರಡು ಎಂದು ಗೊತ್ತಿದ್ದರೆ ಅದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹಳೆ ರೆಕಾರ್ಡಿಂಗಿನಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿಕೊಂಡಿದ್ದರೆ ಅದೂ ನೆರವಿಗೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಸಾಫ್ಟ್‌ವೇರಿನ ಸ್ಪೆಕ್ಟ್ರಮ್ಮಿನಲ್ಲಿ ಅದು 48ರ ಹತ್ತಿರ ಕಂಡರೆ ಟೇಪು ನಿಧಾನ ಓಡಿದೆ ಎಂದು ಊಹಿಸಬಹುದು.

ವೇಗ ಒಂದೇ ಸಮನೆ ತಪ್ಪಿದ್ದರೆ ರೆಕಾರ್ಡ್ ಆದ ಮೇಲೆ ಸರಿ ಮಾಡಬಹುದು. ವೇಗ ಮತ್ತು ಪಿಚ್ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಬಳಸಿ, ಪಿಚ್ ಮಾತ್ರ ಬದಲಿಸುವುದನ್ನಲ್ಲ. ಆದರೆ ದನಿ ಎಳೆದು ಬಿಟ್ಟ ಹಾಗೆ ಅಲುಗಾಡುತ್ತಿದ್ದರೆ ಆ ದಾರಿ ಇಲ್ಲ. ರಬ್ಬರ್ ಬೆಲ್ಟ್ ಸಡಿಲಾಗಿದೆ, ಇಲ್ಲವೇ ರೋಲರ್ ಗಟ್ಟಿಯಾಗಿದೆ. ಹಳೆ ಬೆಲ್ಟ್ ಕೆಲವೊಮ್ಮೆ ಕರಗಿ ಕಪ್ಪು ಅಂಟಾಗಿರುತ್ತದೆ. ಅದು ಕೈಗೆ ಬಟ್ಟೆಗೆ ಹತ್ತಿದರೆ ಹೋಗುವುದು ಕಷ್ಟ. ಬೆಲ್ಟ್ ದುಬಾರಿಯಲ್ಲ. ಅಳತೆಗೆ ಹಳೆಯದನ್ನೇ ಒಯ್ದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ವಿಚಾರಿಸಬಹುದು. ಮನೆಯ ರಬ್ಬರ್ ಬ್ಯಾಂಡ್ ಹಾಕಿ ನೋಡುವ ಆಸೆ ಬರುತ್ತದೆ. ಬೇಡ. ಅದು ಹಿಗ್ಗಿ ಕುಗ್ಗಿ ದನಿ ಇನ್ನೂ ಅಲುಗಾಡುತ್ತದೆ.

ವಾಕ್‌ಮನ್ ಆಕಾರದ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರುಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ಮಾತು, ಪಾಠ ಇಳಿಸಲು ನಡೆಯುತ್ತವೆ. ಸಂಗೀತಕ್ಕೆ ಬೇಡ. ವೀಣೆಯ ಎಳೆದ ಸ್ವರ, ಕೊಳಲು ಅವುಗಳಲ್ಲಿ ನಡುಗುತ್ತದೆ. ಆ ದುಡ್ಡಿನಲ್ಲಿ ಮನೆಯ ಹಳೆ ಡೆಕ್ ರಿಪೇರಿ ಮಾಡಿಸುವುದು ಮೇಲು.

ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ

ಕ್ಯಾಸೆಟ್ ನಿಲ್ಲಿಸಿದರೂ ಗುಂಯ್ ಇದ್ದರೆ ಅದು ಟೇಪಿನದ್ದಲ್ಲ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ. ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ಇಲ್ಲದೆ ರೆಕಾರ್ಡ್ ಮಾಡಿ. ಡೆಸ್ಕ್‌ಟಾಪ್ ಆದರೆ ಪ್ಲೇಯರನ್ನು ಸೆಲ್ಲಿನಲ್ಲಿ ಓಡಿಸಿ, ಇಲ್ಲವೇ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಸಣ್ಣ ಸಾಧನವನ್ನು ಕೇಬಲ್ಲಿನ ನಡುವೆ ಹಾಕಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಪ್ರಾಣಕ್ಕೆ ಅಪಾಯ.

ಹಾಡು ತಾನಾಗಿ ಸಣ್ಣದಾಗುತ್ತದೆ, ಮತ್ತೆ ಏರುತ್ತದೆ; ತಂಬೂರಿ ನುಂಗಿಹೋಗುತ್ತದೆ

ಇದು ವಿಂಡೋಸಿನ ಕೈವಾಡ. ಮೀಟಿಂಗಿನ ಮಾತಿಗಾಗಿ ಗದ್ದಲ ಕಡಿಮೆ ಮಾಡುವ ಸೌಲಭ್ಯ ಅದರಲ್ಲಿರುತ್ತದೆ. ತಂಬೂರಿಯ ನಿರಂತರ ಶ್ರುತಿಯನ್ನು ಅದು ಫ್ಯಾನಿನ ಗದ್ದಲ ಎಂದು ತಿಳಿದು ಅಳಿಸುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ನಿಮ್ಮ ಸಾಧನವನ್ನು ತೆರೆದು ಆಡಿಯೋ ಎನ್‌ಹಾನ್ಸ್‌ಮೆಂಟ್ಸ್ ಆಫ್ ಮಾಡಿ. ಫೋನಿನ ಮಾಮೂಲಿ ರೆಕಾರ್ಡರ್ ಆ್ಯಪ್‌ಗಳಲ್ಲೂ ಈ ತೊಂದರೆ ಬರಬಹುದು.

ಟೇಪು ಸುತ್ತಿಕೊಂಡುಬಿಡುತ್ತದೆ, ಅಥವಾ ನಾಲ್ಕು ಸೆಕೆಂಡು ಓಡಿ ಪ್ಲೇಯರ್ ನಿಲ್ಲುತ್ತದೆ

ತಕ್ಷಣ ನಿಲ್ಲಿಸಿ. ಕ್ಯಾಸೆಟ್ಟನ್ನು ಎಳೆಯಬೇಡಿ. ಪ್ಲಗ್ ಕಿತ್ತು, ರೋಲರಿಗೆ ಸುತ್ತಿದ ಟೇಪನ್ನು ಬೆರಳಿನಿಂದ ನಿಧಾನಕ್ಕೆ ಬಿಡಿಸಿ, ಆಮೇಲೆ ಕ್ಯಾಸೆಟ್ ತೆಗೆದು ಪೆನ್ನು ಹಾಕಿ ಗಾಲಿ ತಿರುಗಿಸಿ ಒಳಗೆ ಎಳೆದುಕೊಳ್ಳಿ. ಟೇಪು ತಿರುಚಿಕೊಂಡಿಲ್ಲ ಎಂದು ನೋಡಿ. ತಿರುಚಿಕೊಂಡ ಟೇಪು ಒಳಗೆ ಹೋದರೆ ಅಲ್ಲಿಂದ ಮುಂದೆ ಸದ್ದು ಮಂದವಾಗಿ, ಹಿಂದುಮುಂದಾಗಿ ಕೇಳುತ್ತದೆ.

ಬೇಡದ ಕ್ಯಾಸೆಟ್ಟಿಗೂ ಹೀಗೆ ಆದರೆ ಟೇಪನ್ನು ಸುತ್ತಿಕೊಳ್ಳುವ ಬಲಗಡೆಯ ಗಾಲಿ ತಿರುಗುತ್ತಿಲ್ಲ. ಬೆಲ್ಟೋ ಒಳಗಿನ ರಬ್ಬರ್ ಚಕ್ರವೋ ಸವೆದಿದೆ. ಗಾಲಿ ತಿರುಗುತ್ತಿಲ್ಲವೆಂದು ತಿಳಿದೇ ಕೆಲವು ಪ್ಲೇಯರುಗಳು ತಾವಾಗಿ ನಿಲ್ಲುತ್ತವೆ. ಅದು ಟೇಪನ್ನು ಕಾಪಾಡುವ ಏರ್ಪಾಡು. ರಿಪೇರಿ ಆಗುವ ತನಕ ಅದರಲ್ಲಿ ಒಳ್ಳೆಯ ಕ್ಯಾಸೆಟ್ ಹಾಕಬೇಡಿ.

ಒಂದೇ ಕ್ಯಾಸೆಟ್ಟಿಗೆ ಆದರೆ ಅದು ಒಳಗೆ ಬಿಗಿದಿದೆ. ಅಂಗೈ ಮೇಲೆ ಚಪ್ಪಟೆಯಾಗಿ ಎರಡು ಸಲ ತಟ್ಟಿ, ಪೆನ್ನಿನಿಂದ ಗಾಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಒಮ್ಮೆ ಪೂರ್ತಿ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ತನ್ನಿ. ಬಹಳ ಕಾಲ ಓಡದ ಟೇಪಿನ ಬಿಗಿ ಸಮವಾಗುತ್ತದೆ. 120 ನಿಮಿಷದ ಕ್ಯಾಸೆಟ್ಟಿಗೆ ಮಾತ್ರ ಜೋರಾಗಿ ಓಡಿಸುವುದು ಬೇಡ. ಅದರ ಟೇಪು 60 ನಿಮಿಷದ್ದರ ಅರ್ಧದಷ್ಟು ಮಾತ್ರ ದಪ್ಪ, ಸುಲಭವಾಗಿ ಹಿಗ್ಗುತ್ತದೆ.

ಓಡುವಾಗ ಕೀಚ್ ಎನ್ನುತ್ತದೆ

ಹೆಡ್ ಒರೆಸಿ, ಟೇಪು ಒಮ್ಮೆ ಹಿಂದೆ ಮುಂದೆ ಓಡಿಸಿ. ಆಗಲೂ ಕೀಚ್ ಎಂದರೆ ಚಿಪ್ಪು ಬದಲಿಸಿ ನೋಡಬಹುದು. ಆದರೆ ಐದು ನಿಮಿಷ ಓಡುವಷ್ಟರಲ್ಲಿ ಹೆಡ್ ಮೇಲೆ ಮತ್ತೆ ಕಂದು ಅಂಟು ಕಟ್ಟಿದರೆ ನಿಲ್ಲಿಸಿ. ಟೇಪಿನ ಮೇಲಿನ ಪದರ ಕಿತ್ತುಬರುತ್ತಿದೆ, ಅಂದರೆ ಹಾಡೇ ಕಿತ್ತುಬರುತ್ತಿದೆ. ಒಲೆಯಲ್ಲಿ, ಓವನ್ನಿನಲ್ಲಿ ಬಿಸಿ ಮಾಡುವ ಉಪಾಯಗಳನ್ನು ಮನೆಯಲ್ಲಿ ಮಾಡಬೇಡಿ. ಚಿಪ್ಪು ಸೊಟ್ಟಗಾಗುತ್ತದೆ, ಟೇಪೂ ಹೋಗುತ್ತದೆ.

ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿ ಮೇಲೆ ಬಿಳಿ ಪುಡಿ

ಬೂಷ್ಟು. ಮಲೆನಾಡು, ಕರಾವಳಿ ಮನೆಗಳ ಕ್ಯಾಸೆಟ್ಟುಗಳಲ್ಲಿ ಇದು ತೀರ ಸಾಮಾನ್ಯ. ಇದನ್ನು ಯಾವ ಪ್ಲೇಯರಿಗೂ ಹಾಕಬೇಡಿ. ಪುಡಿ ಪ್ಲೇಯರಿಗೆ ಹತ್ತಿ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೇರೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿಡಿ. ಮುಟ್ಟುವಾಗ ಮಾಸ್ಕ್ ಹಾಕಿ. ಉಬ್ಬಸ, ಅಲರ್ಜಿ ಇರುವವರು ದೂರ ಇರಬೇಕು. ಬಿಸಿಲಿಗೆ ಒಣಗಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಯಾದ ಡಬ್ಬದಲ್ಲಿ ಕೆಲವು ದಿನ ಇಟ್ಟರೆ ತೇವ ಇಳಿದು ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಆದರೆ ಹೋಗುವುದಿಲ್ಲ. ಒಳಗಿರುವುದು ಮುಖ್ಯವಾದದ್ದಾದರೆ ಈ ಕೆಲಸವನ್ನೇ ಮಾಡುವವರಿಗೆ ಕೊಡಿ.

ಟೇಪು ತುಂಡಾಗಿದೆ, ಚಿಪ್ಪು ಒಡೆದಿದೆ

ಚಿಪ್ಪಿಗೆ ಐದು ಸ್ಕ್ರೂ ಇದ್ದರೆ ಕೆಲಸ ಸುಲಭ. ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಬಿಚ್ಚಿ, ಮೇಲಿನ ಅರ್ಧವನ್ನು ಮಾತ್ರ ಎತ್ತಿ. ಒಳಗೆ ಎರಡು ತೆಳು ಹಾಳೆ, ಮೂಲೆಯಲ್ಲಿ ಎರಡು ಪುಟ್ಟ ರೋಲರ್ ಇರುತ್ತವೆ. ಬಿಚ್ಚಿದ ತಕ್ಷಣ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಎರಡೂ ಸುರುಳಿಗಳನ್ನು ಹಾಗೇ ಎತ್ತಿ ಸ್ಕ್ರೂ ಇರುವ ಇನ್ನೊಂದು ಚಿಪ್ಪಿಗೆ ಇಳಿಸಿ. ಅಂಟಿಸಿ ಮುಚ್ಚಿದ ಚಿಪ್ಪಾದರೆ ಬ್ಲೇಡಿನಿಂದ ಸೀಳಬೇಕಾಗುತ್ತದೆ. ಕೈಗೂ ಟೇಪಿಗೂ ಗಾಯವಾಗುವ ಕೆಲಸ, ಮೊದಲು ಬೇಡದ ಒಂದರ ಮೇಲೆ ಕೈ ಪಳಗಿಸಿಕೊಳ್ಳಿ.

ತುಂಡನ್ನು ಜೋಡಿಸಲು ಕ್ಯಾಸೆಟ್ಟಿನ ಅಗಲಕ್ಕೆಂದೇ ಸಿಗುವ ಸ್ಪ್ಲೈಸಿಂಗ್ ಟೇಪ್ ಬೇಕು. ಎರಡು ತುದಿ ಒಂದರ ಮೇಲೊಂದು ಬರದೆ ತಾಗಿಕೊಂಡಿರಲಿ. ಹೆಡ್ಡಿಗೆ ತಾಗದ ಒಳಬದಿಗೆ ಅಂಟಿಸಿ. ಸೆಲೋಟೇಪ್ ಬೇಡ. ಅದರ ಗೋಂದು ಬೆವರಿ ಪಕ್ಕದ ಸುತ್ತುಗಳಿಗೂ ಹತ್ತುತ್ತದೆ.

ಇಳಿಸಿದ ಮೇಲೆ ಹಾಡಿನ ಹಿಂದೆ ಗುಳುಗುಳು ಸದ್ದು

ಟೇಪಿನ ಸ್‌ಸ್ ಸದ್ದು ತೆಗೆಯಲು ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದ್ದೀರಿ. ಅದನ್ನು ಬಿಟ್ಟು ಮೂಲ ಫೈಲಿಗೆ ಹೋಗಿ, 6 ಡೆಸಿಬೆಲ್ಲಿನಷ್ಟೇ ಇಳಿಸಿ ನೋಡಿ. ಸ್ವಲ್ಪ ಸ್‌ಸ್ ಇದ್ದರೆ ಇರಲಿ. ಕಿವಿ ಅದನ್ನು ಬೇಗ ಮರೆಯುತ್ತದೆ, ದನಿ ಕೆಟ್ಟದ್ದನ್ನು ಮರೆಯುವುದಿಲ್ಲ.

ಮೂಲ ಫೈಲನ್ನು ಏನೂ ಮಾಡದೆ, ಸದ್ದಿನಲ್ಲಿ ಏನೂ ಕಳೆಯದ ಡಬ್ಲ್ಯುಎವಿ ಅಥವಾ ಫ್ಲ್ಯಾಕ್ ಬಗೆಯ ಫೈಲಾಗಿ ಉಳಿಸಿ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋದಲ್ಲಿ ಡಬ್ಲ್ಯುಎವಿ ನಿಮಿಷಕ್ಕೆ ಸುಮಾರು 10.6 ಎಂಬಿ ಆಗುತ್ತದೆ. 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ. ಎಂಪಿ3 ಬೇಕಿದ್ದರೆ ಅದರ ಪ್ರತಿಯಿಂದ ಮಾಡಿಕೊಂಡು ಮನೆಯವರಿಗೆ ಕಳಿಸಿ. ಮೂಲವನ್ನು ಎರಡು ಬೇರೆ ಜಾಗದಲ್ಲಿಡಿ.

ಯಾವಾಗ ಕೈಬಿಟ್ಟು ಬೇರೆಯವರಿಗೆ ಕೊಡಬೇಕು

ಸುಟ್ಟ ವಾಸನೆ, ಹೊಗೆ, ಮುಟ್ಟಿದರೆ ಜುಮ್ಮೆನ್ನುವ ಶಾಕ್ ಬಂದರೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಮತ್ತೆ ಹಾಕಿ ನೋಡಬೇಡಿ. ಕರೆಂಟಿನಲ್ಲಿ ಓಡುವ ಹಳೆ ಟೂ-ಇನ್-ಒನ್ ಒಳಗೆ 230 ವೋಲ್ಟಿನ ತಂತಿಗಳು ತೆರೆದೇ ಇರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಆ ಕೆಲಸ ರೇಡಿಯೋ ಟೀವಿ ರಿಪೇರಿ ಬಲ್ಲವರದು. ಸೆಲ್ಲಿನ ಜಾಗದಲ್ಲಿ ಬಿಳಿ ಹಸಿರು ಕಿಲುಬು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಬೂಷ್ಟು ಹಿಡಿದದ್ದು, ಪದರ ಕಿತ್ತುಬರುವುದು, ಹಲವು ಕಡೆ ತುಂಡಾದದ್ದು, ಈ ಮೂರು ಬಗೆಯ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇಲ್ಲವೆಂದಾದರೆ ಪ್ರಯೋಗ ಮಾಡದೆ ಹೊರಗೆ ಕೊಡಿ. ಕೊಡುವಾಗ ಕೆಲವು ಮಾತು ಮೊದಲೇ ಕೇಳಿ: ಹೆಡ್ಡಿನ ಓರೆಯನ್ನು ಪ್ರತಿ ಕ್ಯಾಸೆಟ್ಟಿಗೂ ಹೊಂದಿಸುತ್ತೀರಾ? ಗದ್ದಲ ತೆಗೆಯದ ಮೂಲ ಡಬ್ಲ್ಯುಎವಿ ಫೈಲನ್ನೂ ಕೊಡುತ್ತೀರಾ? ಕ್ಯಾಸೆಟ್ಟನ್ನು ವಾಪಸ್ ಕೊಡುತ್ತೀರಾ? ಮೂರಕ್ಕೂ ಹೌದು ಎಂದರೆ ಒಂದು ಕ್ಯಾಸೆಟ್ ಮಾತ್ರ ಮೊದಲು ಕೊಟ್ಟು ನೋಡಿ, ಕೇಳಿದ ಮೇಲೆ ಉಳಿದವನ್ನು ಕೊಡಿ.